ಹಿಮ್ಮಡಿಯ ಮೇಲಿನ ಚೌಕ

ನಮ್ಮ ಸೋದರಮಾವನಿಗೆ ಜನರ ಮುಖ ನೆನಪಿರುವುದಿಲ್ಲ. ಇಪ್ಪತ್ತು ವರ್ಷದಿಂದ ಮನೆಗೆ ಪತ್ರಿಕೆ ಹಾಕುವವನು ರಸ್ತೆಯಲ್ಲಿ ಎದುರಾಗಿ ನಮಸ್ಕಾರ ಅಂದರೂ ಒಂದು ಗಳಿಗೆ ತಬ್ಬಿಬ್ಬಾಗುತ್ತಾರೆ. ಆಮೇಲೆ ಕಣ್ಣು ಮೆಲ್ಲಗೆ ಕೆಳಗಿಳಿದು ಅವನ ಕಾಲಿನ ಮೇಲೆ ನಿಂತಾಗ ಮುಖ ಅರಳುತ್ತದೆ. "ಓ, ನೀವಾ. ಬಲಗಾಲು ಹೇಗಿದೆ?" ಎನ್ನುತ್ತಾರೆ. ಪಾಪ, ತನ್ನ ಬಲಗಾಲಿಗೆ ಏನಾದರೂ ಆಗಿದೆ ಎಂಬುದು ಅವನಿಗೇ ಗೊತ್ತಿರುವುದಿಲ್ಲ. ಅತ್ತೆಯ ದೂರಂತೂ ಅವರ ಮದುವೆಯಷ್ಟೇ ಹಳೆಯದು. "ಮೊದಲನೇ ಸಲ ಸಿಕ್ಕಾಗ ಇವರು ನನ್ನ ಮುಖ ಎಲ್ಲಿ ನೋಡಿದ್ರು? ಹಿಂದಿನಿಂದ ಹಿಮ್ಮಡಿ ನೋಡ್ಕೊಂಡು ಬಂದ್ರು. ಅದು ಪಾಸಾಯ್ತು, ನಾನೂ ಪಾಸಾದೆ" ಎಂದು ಅತ್ತೆ ಹೇಳಿದಾಗಲೆಲ್ಲ ಮಾವ ತಪ್ಪಿಸಿಕೊಳ್ಳುವುದಿಲ್ಲ, ಹೌದೆಂದು ತಲೆಯಾಡಿಸುತ್ತಾರೆ.

ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಕಾಲು ಮೇಷ್ಟ್ರು ಎನ್ನುತ್ತಾರೆ. ಹಿಂದಿನ ಅಂಗಳ ದಾಟಿದರೆ, ಬಟ್ಟೆ ಒಗೆಯುವ ವಿಭಾಗದ ಪಕ್ಕ, ಉದ್ದನೆಯ ತಗಡಿನ ಮಾಡಿನ ಕೋಣೆಯೇ ಅವರ ಕಾರ್ಯಾಗಾರ. ಪಾದ ಸೊಟ್ಟಗಿರುವವರು, ಒಂದು ಕಾಲು ಗಿಡ್ಡ ಇರುವವರು, ಪೆಟ್ಟು ಬಿದ್ದು ಕಾಲು ತಿರುಚಿಕೊಂಡವರು, ಹೀಗೆ ಅಂಗಡಿಯ ಚಪ್ಪಲಿ ಒಗ್ಗದವರಿಗೆಲ್ಲ ಅಲ್ಲಿ ಅಳತೆಗೆ ತಕ್ಕಂತೆ ಬೂಟು ಮಾಡಿಕೊಡುತ್ತಾರೆ. ಮೊದಲು ಆ ಮನುಷ್ಯನ ಕಾಲಿನ ಪಡಿಯಚ್ಚು ಪ್ಲಾಸ್ಟರಿನಲ್ಲಿ ತಯಾರಾಗಬೇಕು. ಆ ಪ್ಲಾಸ್ಟರ್ ಕಾಲಿಗೆ ಚರ್ಮ ಎಳೆದು ಬೂಟು ಹೊಲಿಯಬೇಕು. ಬೂಟು ಸವೆದು ಹೋದರೂ ಪ್ಲಾಸ್ಟರ್ ಕಾಲನ್ನು ಬಿಸಾಡುವಂತಿಲ್ಲ, ಮುಂದಿನ ಬೂಟಿಗೂ ಅದೇ ಬೇಕು. ಮೂವತ್ತೊಂದು ವರ್ಷದಲ್ಲಿ ಹೀಗೆ ಉಳಿದುಕೊಂಡ ಕಾಲುಗಳು ಒಂದು ಸಾವಿರದ ನೂರ ನಲವತ್ತು.

ಅವುಗಳನ್ನು ಇಟ್ಟಿರುವ ರೀತಿ ಮೊದಲ ಸಲ ನೋಡಿದವರಿಗೆ ನಗು ಬರುತ್ತದೆ. ಅಂಗಾಲು ಸಮತಟ್ಟಾಗಿಲ್ಲದ ಕಾಲು ಶೆಲ್ಫಿನ ಮೇಲೆ ನಿಲ್ಲುವುದಿಲ್ಲವಲ್ಲ. ಅದಕ್ಕೇ ಎಲ್ಲವೂ ತಲೆಕೆಳಗು. ಕಣಕಾಲಿನ ಚಪ್ಪಟೆ ತುದಿ ಕೆಳಗೆ, ಅಂಗಾಲು ಮೇಲೆ, ಹಿಮ್ಮಡಿ ನಮ್ಮ ಕಡೆಗೆ. ಇಡೀ ಊರಿನ ಜನ ಕಾರ್ಯಾಗಾರದ ಮಾಡಿನ ಒಳಮೈಯಲ್ಲಿ ತಲೆಕೆಳಗಾಗಿ ನಡೆದಾಡುತ್ತಿರುವಂತೆ ಕಾಣುತ್ತದೆ. ಪ್ರತಿ ಹಿಮ್ಮಡಿಯ ಮೇಲೂ ಒಂದು ಚೀಟಿ.

ನಾನು ಅದೇ ಆಸ್ಪತ್ರೆಯ ದಾಖಲೆ ಕೋಣೆಯವಳು. ರೋಗಿಗಳ ಕಡತ ಹುಡುಕಿ ಕೊಡುವುದು, ಕಂಪ್ಯೂಟರಿಗೆ ತುಂಬುವುದು ನನ್ನ ಕೆಲಸ. ಪ್ರೋಗ್ರಾಂ ಬರೆಯುವುದನ್ನು ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ. ಒಂದೇ ಕೆಲಸವನ್ನು ದಿನಕ್ಕೆ ನೂರು ಸಲ ಮಾಡುವುದೆಂದರೆ ನನಗೆ ಮೈಯೆಲ್ಲ ಉರಿಯುತ್ತದೆ, ಆ ಉರಿಯಿಂದಲೇ ಕಲಿತೆ. ಅಮ್ಮನೂ ಇಲ್ಲಿಯವಳೇ. ಬಟ್ಟೆ ವಿಭಾಗದ ಇಸ್ತ್ರಿ ಮೇಜಿನ ಮುಂದೆ ಇಪ್ಪತ್ತಾರು ವರ್ಷ ನಿಂತಳು. ನಿಂತೂ ನಿಂತೂ ಅವಳ ಎಡಗಾಲು ಒಳಕ್ಕೆ ವಾಲಿ ಕುಸಿಯಿತು. ಕೊನೆಯ ವರ್ಷಗಳಲ್ಲಿ ಮಾವ ಮಾಡಿಕೊಟ್ಟ ಬೂಟಿನಲ್ಲೇ ನಡೆದಳು. ಅವಳು ಹೋಗಿ ಆರು ವರ್ಷವಾಯಿತು. ನನಗೆ ಅಂಥದ್ದೇನೂ ಇಲ್ಲ. ಎಡಗಾಲಿನ ಚಪ್ಪಲಿ ಮಾತ್ರ ಯಾವಾಗಲೂ ಮೊದಲು ಸವೆಯುತ್ತದೆ, ಅದಕ್ಕೆ ನಾನು ಅಂಗಡಿಯವನನ್ನು ಬೈದುಕೊಂಡು ಸುಮ್ಮನಾಗುತ್ತೇನೆ.

ಎಂಟು ತಿಂಗಳ ಹಿಂದೆ ಕಾರ್ಯಾಗಾರಕ್ಕೆ ಹೊಸ ಮೇಲ್ವಿಚಾರಕರು ಬಂದರು. ಜೇಬಿನಲ್ಲಿ ಸದಾ ಆರಿಂಚಿನ ಸ್ಟೀಲಿನ ಸ್ಕೇಲು ಇಟ್ಟುಕೊಂಡಿರುತ್ತಾರೆ, ಹಾಗಾಗಿ ಎರಡನೇ ದಿನಕ್ಕೇ ಸ್ಕೇಲ್ ಸಾರ್ ಆದರು. ಕೆಟ್ಟವರಲ್ಲ. ಆದರೆ ಜಗತ್ತಿನಲ್ಲಿ ಏನೇ ಇದ್ದರೂ ಅದು ನೇರವಾಗಿರಬೇಕು. ಕಾರ್ಯಾಗಾರ ಹೊಸ ಕಟ್ಟಡಕ್ಕೆ ಹೋಗುವುದಿತ್ತು. ಅಷ್ಟರೊಳಗೆ ಎಲ್ಲ ಕಾಲುಗಳಿಗೂ ಕ್ಯೂಆರ್ ಕೋಡ್ ಇರಲಿ ಎಂದು ಚೀಟಿ ಮುದ್ರಿಸಿಕೊಟ್ಟರು. ಮಾವ ಹಳೆಯ ನಂಬರ್ ಚೀಟಿಗಳ ಮೇಲೆಯೇ ಅಂಚಿಗೆ ಅಂಚು ಕೂಡಿಸಿ ಒಂದೊಂದನ್ನೂ ಅಂಟಿಸಿದರು. ಆಮೇಲೆ ಶೆಲ್ಫುಗಳ ಫೋಟೊ ತೆಗೆಸಿದ್ದಾಯಿತು. ಮೂವತ್ತೆಂಟು ಫೋಟೊ, ಒಂದೊಂದರಲ್ಲಿ ಮೂವತ್ತು ಕಾಲು. ಸ್ಕೇಲ್ ಸಾರ್ ತರಿಸಿದ್ದ ಸಾಫ್ಟ್‌ವೇರ್ ಅಷ್ಟನ್ನೂ ಒಂದೇ ಏಟಿಗೆ ಓದಿ ಪಟ್ಟಿ ಕೊಡಬೇಕಿತ್ತು. ಅದು ಓದಿದ್ದು ಇನ್ನೂರ ಹನ್ನೆರಡನ್ನು.

ಉಳಿದವನ್ನು ಕೈಯಲ್ಲಿ ಟೈಪ್ ಮಾಡುವ ಕೆಲಸ ನನ್ನ ತಲೆಗೆ ಬಂತು. ಒಂಬೈನೂರ ಇಪ್ಪತ್ತೆಂಟು ನಂಬರು. ಫೋಟೊಗಳನ್ನು ತೆರೆದು ನೋಡಿದರೆ ಕಾರಣ ಕಣ್ಣಿಗೇ ಹೊಡೆಯುತ್ತಿತ್ತು. ಕಾಲುಗಳ ಜೊತೆ ಕೋಡುಗಳೂ ತಲೆಕೆಳಗು. ಅಷ್ಟೇ ಆಗಿದ್ದರೆ ಸಾಫ್ಟ್‌ವೇರ್ ಸುಧಾರಿಸಿಕೊಳ್ಳುತ್ತಿತ್ತು. ಆದರೆ ಒಂದೊಂದು ಒಂದೊಂದು ಕಡೆಗೆ ವಾಲಿತ್ತು. ಕೆಲವು ಎಡಕ್ಕೆ, ಕೆಲವು ಬಲಕ್ಕೆ, ಕೆಲವು ಬಿದ್ದೇಹೋಗುವಂತೆ. ಮಾವನ ಹತ್ತಿರ ಹೋಗಿ ಹೇಳಿದೆ.

"ಮಾವ, ಚೀಟಿಗಳನ್ನ ಸ್ವಲ್ಪ ನೆಟ್ಟಗೆ ಅಂಟಿಸಬಾರದಿತ್ತಾ?"

"ನೆಟ್ಟಗೇ ಅಂಟಿಸಿದೀನಲ್ಲ."

"ಇದು ನೆಟ್ಟಗಾ?" ಫೋನಿನಲ್ಲಿ ಫೋಟೊ ತೋರಿಸಿದೆ.

ಮಾವ ಕನ್ನಡಕ ಏರಿಸಿ ನೋಡಿದರು. "ಶೆಲ್ಫ್ ಮೇಲೆ ಹಾಗೆ ಕಾಣುತ್ತೇನೋ. ನಾನು ಅಂಟಿಸೋವಾಗ ನೆಟ್ಟಗಿತ್ತು" ಎಂದು ರಂಪಿಗೆ ಎತ್ತಿಕೊಂಡು ಚರ್ಮ ಕೊಯ್ಯಲು ಶುರುಮಾಡಿದರು. ವಯಸ್ಸಾಗುತ್ತಿದೆ, ಹಟ ಜಾಸ್ತಿಯಾಗುತ್ತಿದೆ ಎಂದುಕೊಂಡು ಬಂದೆ. ನಿಜ ಹೇಳಬೇಕೆಂದರೆ ನನಗೂ ಅನುಮಾನವಿತ್ತು. ಅರವತ್ತಮೂರು ವರ್ಷದ ಮಾವನ ಕೈಯಲ್ಲಿ ಟೀ ಕಪ್ಪು ಇತ್ತೀಚೆಗೆ ಬಸಿಯ ಮೇಲೆ ಕಟಕಟ ಅನ್ನುತ್ತಿತ್ತು.

ಒಂಬೈನೂರು ನಂಬರು ಟೈಪ್ ಮಾಡಲು ನನ್ನ ಸ್ವಭಾವ ಒಪ್ಪಲಿಲ್ಲ. ಹುಡುಕಿದೆ. ಚಿತ್ರಗಳಲ್ಲಿ ಕೋಡ್ ಎಲ್ಲಿದೆ ಎಂದು ಕಂಡುಹಿಡಿಯುವ ಓಪನ್ ಸೋರ್ಸ್ ಲೈಬ್ರರಿಯೊಂದು ಸಿಕ್ಕಿತು. ಲೈಬ್ರರಿ ಎಂದರೆ ಇಲ್ಲಿ ಪುಸ್ತಕದ ಮನೆಯಲ್ಲ. ಬೇರೆಯವರು ಬರೆದಿಟ್ಟ ಪ್ರೋಗ್ರಾಂ ತುಣುಕುಗಳ ಕಟ್ಟು, ನಮ್ಮ ಪ್ರೋಗ್ರಾಂಗೆ ಜೋಡಿಸಿಕೊಳ್ಳಬಹುದು. ಎಲ್ಲೆಲ್ಲಿಯದೋ ಜನ ಬಿಡುವಿನಲ್ಲಿ ಸೇರಿ ಬರೆದು, ಯಾರು ಬೇಕಾದರೂ ಬಳಸಿ, ಬಿಚ್ಚಿ ನೋಡಿ, ತಪ್ಪಿದ್ದರೆ ತಿದ್ದಿ ಎಂದು ಹಾಗೇ ಬಿಟ್ಟುಕೊಟ್ಟಿದ್ದರು. ಬಿಚ್ಚಿ ನೋಡಿ ಎಂದರೆ ನನಗೆ ಕೇಳಬೇಕೆ. ಊಟ ಬಿಟ್ಟು ಬಿಚ್ಚಿ ನೋಡಿದೆ.

ಮೊದಲು ನಾನೇ ಒಂದು ದಾರಿ ಹಿಡಿದು ಎಡವಿದೆ. ಫೋಟೊದಲ್ಲಿ ಚೌಕಗಳನ್ನು ಹುಡುಕು, ಅದರ ಅಂಚು ಎಷ್ಟು ಓರೆ ಎಂದು ಅಳೆ ಎಂದು ಬರೆದೆ. ಚೌಕ ಸಿಕ್ಕಿತು, ಓರೆಯೂ ಸಿಕ್ಕಿತು, ಆದರೆ ಉತ್ತರ ಎಡವಟ್ಟು. ಚೌಕಕ್ಕೆ ನಾಲ್ಕು ಕಡೆಯಿಂದಲೂ ಒಂದೇ ಮುಖ. ಏಳು ಡಿಗ್ರಿ ವಾಲಿದ್ದೂ ತೊಂಬತ್ತೇಳು ಡಿಗ್ರಿ ತಿರುಗಿದ್ದೂ ಅದಕ್ಕೆ ಒಂದೇ. ತಲೆ ಯಾವುದು ಬುಡ ಯಾವುದು ಎಂದು ಚೌಕದ ಅಂಚು ಹೇಳುವುದಿಲ್ಲ. ಹೇಳುವುದು ಅದರ ಮೂಲೆಗಳು. ಕ್ಯೂಆರ್ ಕೋಡ್ ನೋಡಿದವರಿಗೆಲ್ಲ ಗೊತ್ತು, ಮೂರು ಮೂಲೆಗಳಲ್ಲಿ ದೊಡ್ಡ ಕಣ್ಣಿನಂಥ ಚೌಕಗಳಿವೆ, ನಾಲ್ಕನೆಯದರಲ್ಲಿ ಇಲ್ಲ. ಆ ಕಣ್ಣಿನ ನಡುವೆ ಹಾದು ಗೆರೆ ಎಳೆದರೆ ಒಂದು ಪಾಲು ಕಪ್ಪು, ಒಂದು ಬಿಳಿ, ಮೂರು ಕಪ್ಪು, ಮತ್ತೆ ಒಂದು ಬಿಳಿ, ಒಂದು ಕಪ್ಪು. ಅಡ್ಡ ಎಳೆಯಿರಿ, ಉದ್ದ ಎಳೆಯಿರಿ, ಓರೆಯಾಗಿ ಎಳೆಯಿರಿ, ಪಾಲು ಬದಲಾಗುವುದಿಲ್ಲ. ಹಾಗಾಗಿಯೇ ಕೋಡು ಹೇಗೆ ಬಿದ್ದಿದ್ದರೂ ಕಣ್ಣು ಸಿಗುತ್ತದೆ. ಮೂರು ಕಣ್ಣು ಸಿಕ್ಕರೆ ಇಲ್ಲದ ನಾಲ್ಕನೆಯದು ಎಲ್ಲಿದೆ ಎಂದು ಗೊತ್ತಾಗುತ್ತದೆ, ಅದು ಗೊತ್ತಾದರೆ ಯಾವ ಕಡೆ ಮೇಲು ಎಂಬುದೂ ಗೊತ್ತಾಗುತ್ತದೆ. ಯಾರು ಇದನ್ನು ಮೊದಲು ಯೋಚಿಸಿದರೋ, ಅವರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಲೈಬ್ರರಿ ಪ್ರತಿ ಕೋಡಿಗೂ ನಾಲ್ಕು ಮೂಲೆಗಳ ಜಾಗವನ್ನು ಕೊಟ್ಟಿತು. ನಾನು ಕೋಡನ್ನು ತಿರುಗಿಸಿ ನೇರ ಮಾಡಿ ಓದಿಸಿದೆ. ಸಾವಿರದ ನೂರ ಮೂವತ್ತೊಂದು ಸಿಕ್ಕಿದವು. ಪ್ಲಾಸ್ಟರ್ ಪುಡಿ ಮೆತ್ತಿಕೊಂಡಿದ್ದ ಒಂಬತ್ತನ್ನು ಕೈಯಲ್ಲೇ ಟೈಪ್ ಮಾಡಿದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ನೇರ ಮಾಡುವಾಗ ಎಷ್ಟು ತಿರುಗಿಸಿದೆ ಎಂಬ ಲೆಕ್ಕ ಹೇಗೂ ಬರುತ್ತದಲ್ಲ, ಅದನ್ನು ಬಿಸಾಡುವುದೇಕೆ ಎಂದು ಪಟ್ಟಿಯ ಕೊನೆಗೆ ಒಂದು ಕಾಲಂ ಸೇರಿಸಿದೆ. ತಲೆಕೆಳಗಿನ ನೂರಾ ಎಂಬತ್ತು ಕಳೆದು, ಉಳಿದ ಓರೆ ಎಷ್ಟು ಡಿಗ್ರಿ ಎಂದು. ಕುತೂಹಲ, ಬೇರೇನಿಲ್ಲ.

ಸ್ಕೇಲ್ ಸಾರ್ ಪಟ್ಟಿ ನೋಡಿ ನನ್ನನ್ನು ಹೊಗಳಿದರು. ಆಮೇಲೆ ಕೊನೆಯ ಕಾಲಂ ನೋಡಿದರು. "ಇದೇನಮ್ಮ, ಓರೆನಾ? ಸರಾಸರಿ ಆರು ಡಿಗ್ರಿ?" ಎಂದರು. ಬೆರಳನ್ನು ಕಾಲಂನ ಮೇಲಿಂದ ಕೆಳಗೆ ಜಾರಿಸಿದರು. "ನೋಡಿ, ನಾನು ಬಂದ ದಿನದಿಂದ ಅಂದ್ಕೊಳ್ತಿದ್ದೆ. ಹೇಳೋಕೆ ಸಂಕೋಚ. ಅವರ ಕೈ ನಡುಗುತ್ತೆ. ಚೀಟಿನೇ ನೇರವಾಗಿ ಅಂಟಿಸೋಕಾಗದ ಕೈಯಲ್ಲಿ ರೋಗಿಗಳ ಬೂಟು ಹೇಗೆ ಮಾಡಿಸೋದು? ಇದನ್ನ ಕಡತಕ್ಕೆ ಹಾಕ್ತೀನಿ. ಹೊಸ ಕಟ್ಟಡಕ್ಕೆ ಹೋಗೋ ಹೊತ್ತಿಗೆ ಅವರಿಗೆ ಆರಾಮ ಕೊಡೋಣ."

ಆರಾಮ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಹೊಸ ಕಾರ್ಯಾಗಾರದ ನಕ್ಷೆಯಲ್ಲಿ ಮಾವನ ಬೆಂಚು ಇರುವುದಿಲ್ಲ. ಬೆಂಚಿಲ್ಲದ ಮಾವನನ್ನು ನನಗೆ ಊಹಿಸಿಕೊಳ್ಳಲೂ ಆಗಲಿಲ್ಲ. ಅದಕ್ಕೆ ಕಾರಣವಾದ ಓರೆಯನ್ನು ನಾನೇ ಕೈಯಾರೆ ಲೆಕ್ಕ ಹಾಕಿ, ದಶಮಾಂಶದ ಸಮೇತ, ಪ್ರಿಂಟು ತೆಗೆದು ಕೊಟ್ಟಿದ್ದೆ.

"ಹತ್ತು ದಿನ ಕೊಡಿ ಸಾರ್. ಪಟ್ಟಿ ಇನ್ನೊಂದು ಸಲ ಪರೀಕ್ಷೆ ಮಾಡ್ತೀನಿ" ಎಂದಷ್ಟೇ ಅಂದು ಬಂದೆ.

ಏನು ಪರೀಕ್ಷೆ ಮಾಡಬೇಕು ಎಂದು ನನಗೇ ಗೊತ್ತಿರಲಿಲ್ಲ. ಕೋಪ ಬಂದಾಗ ನಾನು ಅಂಕಿಗಳನ್ನು ಹಿಂದೆಮುಂದೆ ಜೋಡಿಸುತ್ತಾ ಕೂರುತ್ತೇನೆ. ಹೊಸ ಚೀಟಿ ಹಳೆಯದರ ಅಂಚಿಗೇ ಕೂತಿತ್ತು, ಹಾಗಾಗಿ ಓರೆ ಅಚ್ಚು ತೆಗೆದ ವರ್ಷದ್ದೇ. ಮೊದಲು ವರ್ಷದ ಪ್ರಕಾರ ಜೋಡಿಸಿದೆ. ಕೈ ಕೆಟ್ಟಿದ್ದರೆ ಹಳೆಯವು ನೇರ ಇದ್ದು ಹೊಸವು ಓರೆಯಾಗಿರಬೇಕು. ಹಾಗೇನೂ ಇರಲಿಲ್ಲ. ಇಪ್ಪತ್ತೈದು ವರ್ಷದ ಹಿಂದೆಯೂ ಇಷ್ಟೇ ಓರೆ. ಹಾಗಾದರೆ ಮಾವನ ಕೈ ಮೊದಲಿನಿಂದಲೂ ಕೆಟ್ಟದ್ದೇ ಎಂದು ಸ್ಕೇಲ್ ಸಾರ್ ಹೇಳಬಹುದಿತ್ತು. ಆಮೇಲೆ ಮನುಷ್ಯರ ಪ್ರಕಾರ ಜೋಡಿಸಿದೆ. ಒಬ್ಬರದೇ ಕಾಲಿಗೆ ಬೇರೆ ಬೇರೆ ವರ್ಷಗಳಲ್ಲಿ ಎರಡು ಸಲ ಅಚ್ಚು ತೆಗೆದದ್ದು ನಲವತ್ತಮೂರು ಜನರದ್ದು ಇತ್ತು. ಅಲ್ಲಿ ನನ್ನ ಕಿವಿ ನೆಟ್ಟಗಾಯಿತು.

ಒಬ್ಬ ಬಡಗಿಯ ಬಲಗಾಲು: ಮೊದಲ ಸಲ ಎಂಟೂವರೆ ಡಿಗ್ರಿ, ಐದು ವರ್ಷದ ಮೇಲೆ ಎಂಟು. ಒಬ್ಬ ಶಾಲಾ ಶಿಕ್ಷಕಿಯ ಎಡಗಾಲು: ನಾಲ್ಕು, ಮತ್ತೆ ನಾಲ್ಕು. ಹೀಗೇ ಮೂವತ್ತೊಂಬತ್ತು ಜನರಲ್ಲಿ ಎರಡು ಚೀಟಿಗಳ ನಡುವಿನ ವ್ಯತ್ಯಾಸ ಒಂದು ಡಿಗ್ರಿಯನ್ನೂ ಮುಟ್ಟುತ್ತಿರಲಿಲ್ಲ. ನಡುಗುವ ಕೈ ಐದು ವರ್ಷ ಬಿಟ್ಟು ಬಂದು ಅದೇ ಕಾಲಿನ ಮೇಲೆ ಅದೇ ಓರೆಯನ್ನು ಹೇಗೆ ಅಂಟಿಸುತ್ತದೆ? ಉಳಿದ ನಾಲ್ವರದ್ದು ಮಾತ್ರ ಬೇರೆಯೇ ಬಂದಿತ್ತು. ಒಬ್ಬನಿಗೆ ಹದಿನಾಲ್ಕು ಇದ್ದದ್ದು ಎರಡಕ್ಕೆ ಇಳಿದಿತ್ತು. ದಾಖಲೆ ಕೋಣೆ ನನ್ನದೇ ತಾನೆ, ನಾಲ್ಕೂ ಕಡತ ತೆಗೆದೆ. ನಾಲ್ವರಿಗೂ ಎರಡು ಅಚ್ಚುಗಳ ನಡುವೆ ಆ ಕಾಲಿಗೆ ಶಸ್ತ್ರಚಿಕಿತ್ಸೆಯಾಗಿತ್ತು.

ನಾನು ಕುರ್ಚಿಗೆ ಒರಗಿ ಕೂತೆ. ಚೀಟಿಗೆ ಕಾಲಿನ ವಿಷಯ ಗೊತ್ತಿದೆ. ಆದರೆ ಏನು ಗೊತ್ತಿದೆ?

ಆ ಮೂವತ್ತೊಂಬತ್ತರಲ್ಲೇ ಒಂದು ಜೋಡಿಯನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ಅಮ್ಮನದು. ಎಡಗಾಲು, ನಾಲ್ಕು ವರ್ಷದ ಅಂತರದಲ್ಲಿ ಎರಡು ಅಚ್ಚು. ಹನ್ನೊಂದು ಪಾಯಿಂಟ್ ಎರಡು, ಹನ್ನೊಂದು ಪಾಯಿಂಟ್ ನಾಲ್ಕು. ಮಧ್ಯಾಹ್ನ ಊಟದ ಹೊತ್ತಿಗೆ ಕಾರ್ಯಾಗಾರ ಖಾಲಿ ಇದ್ದಾಗ ಹೋಗಿ ಹದಿನೇಳನೇ ಶೆಲ್ಫಿನಿಂದ ಅಮ್ಮನ ಕಾಲನ್ನು ಕೆಳಗಿಳಿಸಿದೆ. ಇಷ್ಟು ವರ್ಷ ಆ ಕೋಣೆಗೆ ಬಂದು ಹೋಗಿದ್ದರೂ ಅದನ್ನು ಮುಟ್ಟಿರಲಿಲ್ಲ. ಅಂದುಕೊಂಡದ್ದಕ್ಕಿಂತ ಭಾರವಿತ್ತು, ತಣ್ಣಗಿತ್ತು. ಬೆಂಚಿನ ಮೇಲೆ ಅಂಗಾಲು ಕೆಳಗೆ ಮಾಡಿ ಹಿಡಿದುಕೊಂಡೆ. ಚೀಟಿ ಓರೆಯಾಗಿತ್ತು. ಪ್ರೋಗ್ರಾಂ ಮಾಡಿದ್ದನ್ನೇ ನಾನೂ ಮಾಡಿದೆ, ಚೀಟಿ ನೇರವಾಗುವವರೆಗೆ ತಿರುಗಿಸಿದೆ. ಪ್ರೋಗ್ರಾಂ ಫೋಟೊದಲ್ಲಿ ಚೀಟಿಯನ್ನು ತಿರುಗಿಸಿತ್ತು. ನನ್ನ ಕೈಯಲ್ಲಿ ಚೀಟಿಯ ಜೊತೆ ಕಾಲೂ ತಿರುಗಿತು.

ಚೌಕದ ಕೆಳಗಿನ ಅಂಚು ಬೆಂಚಿಗೆ ಸಮವಾದ ಕ್ಷಣ, ಅಮ್ಮ ನಿಂತಿದ್ದಳು. ಹಾಗೇ ಒಳಕ್ಕೆ ವಾಲಿದ ಹಿಮ್ಮಡಿ, ಹಾಗೇ ಚೂರು ಹೊರಗೆ ತಿರುಗಿದ ಬೆರಳುಗಳು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವಾಗ ಹಿಂದಿನಿಂದ ನಾನು ಸಾವಿರ ಸಲ ನೋಡಿದ ಆ ಎಡಗಾಲು. ಫೋಟೊಗಳಲ್ಲಿ ಅಮ್ಮನ ಮುಖ ಇದೆ, ಫೋನಿನಲ್ಲಿ ದನಿಯೂ ಇದೆ. ಅವಳು ನಿಲ್ಲುವ ರೀತಿ ಎಲ್ಲೂ ಉಳಿದಿಲ್ಲ ಎಂದುಕೊಂಡಿದ್ದೆ. ನಾನು ಅತ್ತುಬಿಟ್ಟೆ, ಗಟ್ಟಿಯಾಗಿಯೇ. ಆಮೇಲೆ ಕಾಲನ್ನು ಅದರ ಜಾಗದಲ್ಲಿಟ್ಟು ಮಾವನನ್ನು ಹುಡುಕಿಕೊಂಡು ಹೋದೆ.

ಮಾವ ಕಾರ್ಯಾಗಾರದ ಹಿತ್ತಲಿನ ನಲ್ಲಿಯ ಹತ್ತಿರ ಇದ್ದರು. ಪ್ಲಾಸ್ಟರ್ ಕೆಲಸ ಅವರು ಮಾಡುವುದು ಅಲ್ಲೇ, ಒಳಗೆ ಪುಡಿ ಹಾರುತ್ತದೆಂದು. ಅಲ್ಲಿಗೆ ಬೇರೆ ಯಾರೂ ಹೋಗುವುದಿಲ್ಲ, ನಾನೂ ಹೋದವಳಲ್ಲ. ಅವತ್ತು ಒಂದು ಕಲ್ಲಿನ ಮೇಲೆ ಕೂತು ಅವರ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಕಣ್ಣು ಕೀಳದೆ ನೋಡಿದೆ. ಬಂದಿದ್ದವರು ಟಪಾಲು ಹಂಚುವ ಹೆಂಗಸು. ಮಾವ ಅವರನ್ನು ಒದ್ದೆ ಮರಳು ತುಂಬಿದ ಅಗಲವಾದ ತಟ್ಟೆಯಲ್ಲಿ ನಿಲ್ಲಿಸಿದರು. "ಆರಾಮಾಗಿ ನಿಂತ್ಕೊಳ್ಳಿ. ನೇರ ನಿಲ್ಲೋಕೆ ಹೋಗ್ಬೇಡಿ, ಬಸ್ಸಿಗೆ ಕಾಯೋ ಹಾಗೆ ನಿಂತ್ಕೊಳ್ಳಿ" ಎಂದರು. ಕಾಲು ತೆಗೆದ ಮೇಲೆ ಮರಳಿನಲ್ಲಿ ಗುರುತು ಉಳಿಯಿತು. ಆಮೇಲೆ ಸ್ಟೂಲಿನ ಮೇಲೆ ಕೂರಿಸಿ ಪ್ಲಾಸ್ಟರ್ ಬಟ್ಟೆ ಸುತ್ತಿ, ಗಟ್ಟಿಯಾದ ಮೇಲೆ ಸೀಳಿ ತೆಗೆದರು. ಆ ಚಿಪ್ಪನ್ನು ತೂಗುಗುಂಡು ಇಳಿಬಿಟ್ಟು ಕಣಕಾಲು ನೆಟ್ಟಗೆ ಬರುವಂತೆ ನಿಲ್ಲಿಸಿ, ಒಳಗೆ ಪ್ಲಾಸ್ಟರ್ ಹುಯ್ದರು. ಹುಯ್ದ ಪ್ಲಾಸ್ಟರ್ ನೀರಿನಂತೆ ತಾನೇ ಸಮವಾಗಿ ನಿಂತಿತು. ಕಾಲಿನ ಚಪ್ಪಟೆ ತುದಿ ಅದೇ.

ಒಂದೂವರೆ ಗಂಟೆಯ ಮೇಲೆ ಚಿಪ್ಪು ಕಳಚಿ, ಬಿಳಿಯ ಕಾಲನ್ನು ಮರಳಿನ ಗುರುತಿಗೇ ಇಳಿಸಿದರು. ಅತ್ತಿತ್ತ ಒಂದಿಷ್ಟು ಅಲುಗಿಸಿ ಕೈಬಿಟ್ಟರು. ಟಪಾಲಿನವರು ನಿಂತಿದ್ದ ಹಾಗೇ ಅದೂ ವಾಲಿಕೊಂಡು ಕೂತಿತು. ಮಾವ ಜೇಬಿನಿಂದ ಚೀಟಿ ತೆಗೆದು, ಕಣ್ಣು ಕಿರಿದು ಮಾಡಿ, ನೆಲಕ್ಕೆ ಸರಿಯಾಗಿ, ನೆಟ್ಟಗೆ, ಹಿಮ್ಮಡಿಯ ಮೇಲೆ ಅಂಟಿಸಿದರು. ಶೆಲ್ಫಿನಲ್ಲಿ ಚಪ್ಪಟೆ ತುದಿಯ ಮೇಲೆ ಕಾಲು ನೆಟ್ಟಗಾದರೆ, ಇಲ್ಲಿ ವಾಲಿದ್ದಷ್ಟೂ ಚೀಟಿಯ ಓರೆಯಾಗುತ್ತದೆ. ಟೀ ಕಪ್ಪು ಹಿಡಿದಾಗ ನಡುಗುವ ಬೆರಳುಗಳು ಅಲ್ಲಿ ನಡುಗಲಿಲ್ಲ.

"ಮಾವ, ಯಾವಾಗಲೂ ಹೀಗೇ ಅಂಟಿಸ್ತೀರಾ?"

"ಮತ್ತೆ? ಎಲ್ಲಿ ಅಂಟಿಸಲಿ? ಸರಿಯಾಗಿ ಕೂತಿದ್ಯಾ ಅಂತ ನೋಡೋಕೆ ಗುರುತಿಗೆ ಇಳಿಸ್ತೀನಿ. ಕೂತಿದ್ರೆ ಕೆಲಸ ಮುಗೀತು, ಚೀಟಿ ಅಂಟಿಸ್ತೀನಿ. ಶೆಲ್ಫ್ ಮೇಲೆ ಅದು ಹೇಗೆ ಕಾಣುತ್ತೆ ಅಂತ ನಾನ್ಯಾಕೆ ನೋಡಲಿ?"

"ಬೂಟು ಹೊಲಿಯೋವಾಗ ಚೀಟಿ ನೋಡ್ತೀರಾ?"

ಮಾವ ಯೋಚಿಸಿದರು. ಯಾರೂ ಇದನ್ನು ಕೇಳಿರಲಿಲ್ಲ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. "ನೋಡ್ತೀನಪ್ಪ. ಕಾಲನ್ನ ಚೀಟಿಗೆ ಸರಿಮಾಡಿ ಹಿಡ್ಕೊಳ್ತೀನಿ. ಆಗ ಅವರು ಎದುರಿಗೆ ನಿಂತ ಹಾಗಿರುತ್ತೆ. ಅಟ್ಟೆ ಎಲ್ಲಿ ಎತ್ತರ ಮಾಡ್ಬೇಕು ಅಂತ ಗೊತ್ತಾಗುತ್ತೆ." ಅಷ್ಟು ಹೇಳಿ ನನ್ನತ್ತ ತಿರುಗಿದರು. "ಯಾಕೆ, ತಪ್ಪಾ?"

ಆ ಪ್ರಶ್ನೆಗೆ ನನಗೆ ಕೋಪ ಬಂತು, ಮಾವನ ಮೇಲಲ್ಲ. ಮೂವತ್ತೊಂದು ವರ್ಷ ಒಂದು ಸಾವಿರ ಜನರ ನಿಲುವನ್ನು ಬರೆದಿಟ್ಟ ಮನುಷ್ಯ ತಾನು ಬರೆದಿದ್ದೇನೆ ಎಂಬುದೇ ಗೊತ್ತಿಲ್ಲದೆ ನನ್ನನ್ನು ತಪ್ಪಾ ಎಂದು ಕೇಳುತ್ತಿದ್ದರು. ನಾನು ಅದೇ ಬರಹವನ್ನು ಓರೆ ಎಂದು ಪಟ್ಟಿ ಮಾಡಿದ್ದೆ.

ಮರುದಿನ ಸ್ಕೇಲ್ ಸಾರ್ ಮುಂದೆ ನಲವತ್ತಮೂರು ಜೋಡಿಗಳನ್ನೂ ನಾಲ್ಕು ಶಸ್ತ್ರಚಿಕಿತ್ಸೆಯ ಕಡತಗಳನ್ನೂ ಹರಡಿ ಎಲ್ಲವನ್ನೂ ಹೇಳಿದೆ. ಅವರು ಕಡತಗಳನ್ನು ಒಂದೊಂದಾಗಿ ತಿರುವಿದರು. ಕೊನೆಗೆ ಸ್ಕೇಲನ್ನು ಮೇಜಿನ ಮೇಲೆ ಇಟ್ಟು, "ಲೆಕ್ಕ ಚೆನ್ನಾಗಿದೆ. ಆದ್ರೆ ನೀವು ಅವರ ಅಕ್ಕನ ಮಗಳು. ನಾಳೆ ಯಾರಾದ್ರೂ ಕೇಳಿದ್ರೆ ನಾನೇನು ಹೇಳಲಿ?" ಎಂದರು. ಮಾತು ಚುಚ್ಚಿದರೂ ಸುಳ್ಳಾಗಿರಲಿಲ್ಲ. ಪರೀಕ್ಷೆಯನ್ನು ಅವರೇ ಹೇಳಿದರು. ಇದುವರೆಗೆ ಅಚ್ಚು ತೆಗೆಯದ ಒಬ್ಬರ ಕಾಲಿಗೆ ಇವತ್ತು ಒಂದು ಅಚ್ಚು. ಅದು ತಮ್ಮ ಕಪಾಟಿನಲ್ಲಿ ಬೀಗದೊಳಗೆ. ಐದು ದಿನದ ಮೇಲೆ ಅದೇ ಕಾಲಿಗೆ ಇನ್ನೊಂದು, ಮೊದಲಿನದನ್ನು ಮೇಷ್ಟ್ರು ನೋಡುವಂತಿಲ್ಲ. ಫೋಟೊ ತಾವೇ ತೆಗೆಯುತ್ತಾರೆ. ಎರಡೂ ಓರೆ ಒಂದೇ ಬಂದರೆ ಬೆಂಚು ಹೊಸ ಕಟ್ಟಡಕ್ಕೆ. ಬರದಿದ್ದರೆ ಮೇಷ್ಟ್ರ ಕಡತ ಮೇಲಿನವರಿಗೆ.

"ಯಾರ ಕಾಲು ಸಾರ್?"

ಅವರು ಸುತ್ತ ನೋಡಿದರು. "ಐದು ದಿನ ಬಿಟ್ಟು ಮತ್ತೆ ಸಿಗೋರು ಬೇಕಲ್ಲ. ನಿಮ್ಮದೇ ಆಗಲಿ. ಕಾಲಿನ ಓರೆ ನಿಮ್ಮ ಕೈಲಿಲ್ಲವಲ್ಲ."

ಹೀಗೆ ನಾನು ಚಪ್ಪಲಿ ಬಿಟ್ಟು ಒದ್ದೆ ಮರಳಿನಲ್ಲಿ ನಿಂತೆ. ಪರೀಕ್ಷೆಯ ವಿಷಯವನ್ನು ಮಾವನಿಗೆ ಹೇಳಿರಲಿಲ್ಲ. ಹೊಸ ಲೇಬಲ್ ಪರೀಕ್ಷೆ ಎಂದಿದ್ದೆವು. ನೇರವಾದ ಕಾಲು ನನ್ನದು, ಸೊನ್ನೆ ಬರುತ್ತದೆ, ಎರಡು ಸಲವೂ ಸೊನ್ನೆ ಬಂದರೆ ಸ್ಕೇಲ್ ಸಾರ್ ಅದನ್ನು ಪುರಾವೆ ಎಂದು ಒಪ್ಪುತ್ತಾರೋ ಇಲ್ಲವೋ ಎಂಬುದೇ ನನ್ನ ಚಿಂತೆಯಾಗಿತ್ತು. ಮಾವ ಹಿಂದೆ ಕುಕ್ಕರಗಾಲಲ್ಲಿ ಕೂತು ನನ್ನ ಎಡಗಾಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪ್ಲಾಸ್ಟರ್ ಬಟ್ಟೆ ನೆನೆಸಿದರು.

ಐದು ದಿನ ನನಗೆ ಊಟ ರುಚಿಸಲಿಲ್ಲ. ಎರಡನೇ ಅಚ್ಚಿಗೆ ಸ್ಕೇಲ್ ಸಾರ್ ತಾವೇ ಹಿತ್ತಲಿಗೆ ಬಂದು, ಪ್ಯಾಂಟಿಗೆ ಪ್ಲಾಸ್ಟರ್ ಪುಡಿ ಮೆತ್ತಿಸಿಕೊಂಡು, ಕೊನೆಯವರೆಗೆ ನಿಂತು ನೋಡಿದರು. ಚೀಟಿ ಅಂಟಿಸಿದ ಮೇಲೆ ಬೀಗ ತೆಗೆದು ಮೊದಲಿನದನ್ನೂ ತಂದು, ಎರಡನ್ನೂ ತಲೆಕೆಳಗಾಗಿ ಪಕ್ಕಪಕ್ಕದಲ್ಲಿಟ್ಟು ಫೋಟೊ ತೆಗೆದರು. ನನ್ನ ಕಂಪ್ಯೂಟರಿನ ಮುಂದೆ ಅವರೇ ಕೂತು ಪ್ರೋಗ್ರಾಂ ಓಡಿಸಿದರು. ಆರು ಕಣ್ಣು ಸಿಕ್ಕಿದವು. ಎರಡು ಸಾಲು ಬಂದವು. ಮೂರು ಪಾಯಿಂಟ್ ಒಂದು. ಮೂರು ಪಾಯಿಂಟ್ ಸೊನ್ನೆ.

ಸ್ಕೇಲ್ ಸಾರ್ ಮತ್ತೊಮ್ಮೆ ಓಡಿಸಿದರು. ಅದೇ ಬಂತು. ಕಡತ ತೆಗೆದು, ನನ್ನ ಪ್ರಿಂಟಿನ ಕೊನೆಯ ಕಾಲಂನ ಮೇಲೆ 'ಓರೆ' ಎಂದಿದ್ದ ಪದವನ್ನು ಸ್ಕೇಲಿಟ್ಟು ನೇರವಾಗಿ ಹೊಡೆದುಹಾಕಿ, 'ನಿಲುವು' ಎಂದು ಬರೆದರು. "ಬೆಂಚು ಕಿಟಕಿ ಪಕ್ಕ ಹಾಕಿಸ್ತೀನಿ. ಅವ್ರಿಗೆ ನಾನೇ ಹೇಳ್ಲಾ?" ಎಂದು ಕೇಳಿದರು. ಆಮೇಲೆ ಹೋಗುವಾಗ ಬಾಗಿಲಲ್ಲಿ ನಿಂತು, "ನನ್ನ ಬಲಗಡೆ ಬೂಟು ಬೇಗ ಸವೀತದೆ. ಅವರ ಹತ್ರ ಒಂದು ಸಲ ತೋರಿಸ್ಬೇಕು" ಎಂದರು.

ನನಗೆ ಕುಣಿಯಬೇಕೆನಿಸಬೇಕಿತ್ತು. ಸಂತೋಷ ಇತ್ತು, ಆದರೆ ಅದರ ಕೆಳಗೆ ಇನ್ನೊಂದು ಕೂತಿತ್ತು. ಮೂರು. ಸೊನ್ನೆಯಲ್ಲ, ಮೂರು. ಅದೂ ಒಳಕ್ಕೆ.

ಹಿತ್ತಲಿಗೆ ಹೋದೆ. ಮಾವ ನನ್ನ ಪ್ಲಾಸ್ಟರ್ ಕಾಲನ್ನು ಆಗಲೇ ಕೈಯಲ್ಲಿ ಹಿಡಿದು, ಚೀಟಿ ನೇರ ಮಾಡಿಕೊಂಡು ನೋಡುತ್ತಿದ್ದರು.

"ಮಾವ, ನನ್ನ ಕಾಲೂ ಮೂರು ಡಿಗ್ರಿ..."

"ಮೊದಲನೇ ದಿನಾನೇ ನೋಡಿದೆ" ಎಂದರು. "ಅಕ್ಕ ನಿನ್ನ ವಯಸ್ಸಲ್ಲಿ ಹೀಗೇ ನಿಲ್ತಿದ್ಲು. ನೋವಿದ್ಯಾ ಅಂದ್ರೆ ಇಲ್ಲ ಅಂತಿದ್ಲು. ಇಷ್ಟರಲ್ಲೇ ಹಿಡಿದಿದ್ರೆ ನಿಲ್ತಿತ್ತು. ನಾನು ಅವಳ ಮಾತು ಕೇಳ್ಕೊಂಡು ಸುಮ್ನಿದ್ದೆ, ಹನ್ನೊಂದಕ್ಕೆ ಹೋದ ಮೇಲೆ ಬೂಟು ಮಾಡಿದೆ." ಹನ್ನೊಂದು ಎಂಬ ಅಂಕಿಯನ್ನು ಅವರಿಗೆ ನಾನೇ ಆ ವಾರ ಹೇಳಿದ್ದೆ. ಡಿಗ್ರಿ ಎಂದರೆ ಏನೆಂದು ಅದಕ್ಕೆ ಮುಂಚೆ ಕೇಳಿದವರೂ ಅಲ್ಲ.

"ಆದರೆ ಆಮೇಲೆ ನಾಲ್ಕು ವರ್ಷ ಹನ್ನೊಂದರಲ್ಲೇ ಇತ್ತು ಮಾವ. ನಿಮ್ಮ ಬೂಟು ಅದನ್ನ ಅಲ್ಲಾಡೋಕೆ ಬಿಡಲಿಲ್ಲ. ಪಟ್ಟಿಯಲ್ಲಿದೆ."

ಮಾವ ನನ್ನ ಮುಖ ನೋಡಿದರು. ಅವರು ಮುಖ ನೋಡುವುದು ಅಪರೂಪ. "ಹೌದಾ?" ಎಂದು ಕೇಳಿ, ಕಣ್ಣು ಒರೆಸಿಕೊಂಡರು. ಪ್ಲಾಸ್ಟರ್ ಪುಡಿ ಹುಬ್ಬಿಗೆಲ್ಲ ಮೆತ್ತಿಕೊಂಡಿತು. "ನಿನ್ನದನ್ನ ಮೂರರ ಮೇಲೆ ಹೋಗೋಕೆ ಬಿಡಲ್ಲ. ಸುಮ್ನೆ ಹೇಳಿದ ಹಾಗೆ ಕೇಳ್ಬೇಕು, ನಿಮ್ಮಮ್ಮನ ಥರ ಸುಳ್ಳು ಹೇಳ್ಬಾರ್ದು."

ಹೊಸ ಕಟ್ಟಡದಲ್ಲಿ ಕಾಲುಗಳನ್ನು ನಂಬರಿನ ಪ್ರಕಾರ ಇಡಬೇಕೆಂದು ಸ್ಕೇಲ್ ಸಾರ್ ಆಜ್ಞೆ ಮಾಡಿದ್ದಾರೆ. ಮಾವ ನನ್ನದನ್ನು ಮಾತ್ರ ಅಮ್ಮನ ಎರಡು ಕಾಲುಗಳ ಪಕ್ಕ ಇಟ್ಟಿದ್ದಾರೆ, ಸ್ಕೇಲ್ ಸಾರ್ ಅದನ್ನು ನೋಡಿಯೂ ನೋಡದ ಹಾಗೆ ಇದ್ದಾರೆ. ಎಡಗಾಲಿನ ಚಪ್ಪಲಿಯೊಳಗೆ ಮಾವ ಮಾಡಿದ ಚರ್ಮದ ಅಟ್ಟೆ ಹಾಕಿಕೊಂಡು ನಡೆಯುತ್ತೇನೆ. ಸಂಜೆ ಆಸ್ಪತ್ರೆಯ ಗೇಟಿನವರೆಗೆ ಮಾವ ನನ್ನ ಜೊತೆ ಬರುವುದಿಲ್ಲ, ಹಿಮ್ಮಡಿ ನೋಡಿಕೊಂಡು ನಾಲ್ಕು ಹೆಜ್ಜೆ ಹಿಂದೆ ಬರುತ್ತಾರೆ.